ಕೂರಲು ಬಿಡದ ಕುರು

ಪ್ರಶ್ನೆ: ನನಗೆ 34 ವರ್ಷ, ಲಾರಿ ಓಡಿಸುತ್ತೇನೆ. ನಾಲ್ಕು ದಿನದಿಂದ ಗುದದ್ವಾರದ ಎಡಪಕ್ಕದಲ್ಲಿ ಗಟ್ಟಿ ಗಂಟು ಎದ್ದಿದೆ. ಕೂರಲಾಗುತ್ತಿಲ್ಲ, ರಾತ್ರಿ ನಿದ್ದೆಯಿಲ್ಲ, ಸಂಜೆಯಾದರೆ ಚಳಿಜ್ವರ. ಮೆಡಿಕಲ್ ಶಾಪಿನಲ್ಲಿ ಮೂಲವ್ಯಾಧಿ ಎಂದು ಮುಲಾಮು, ಆಂಟಿಬಯೋಟಿಕ್ ಮಾತ್ರೆ ಕೊಟ್ಟರು. ಮನೆಯಲ್ಲಿ ಸುಣ್ಣ–ಬೆಲ್ಲ ಹಚ್ಚುತ್ತಿದ್ದಾರೆ, ‘ಹಣ್ಣಾದ ಮೇಲೆ ಒಡೆಸಿದರಾಯಿತು’ ಅನ್ನುತ್ತಾರೆ. ಕಾಯಬಹುದೆ?
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಕಾಯಬೇಡಿ. ನಿಮಗೆ ಫೋನಿನಲ್ಲೂ ಇದನ್ನೇ ಹೇಳಿದ್ದೇವೆ; ಇದೇ ತೊಂದರೆ ಇರುವ ಉಳಿದವರಿಗಾಗಿ ಇಲ್ಲಿ ವಿವರ.

ನೀವು ಬರೆದಿರುವ ಲಕ್ಷಣಗಳು ಮೂಲವ್ಯಾಧಿಯವಲ್ಲ, ಕೀವು ತುಂಬಿದ ಬಾವಿನವು. ಮೂಲವ್ಯಾಧಿಯಲ್ಲಿ ಸಾಮಾನ್ಯವಾಗಿ ರಕ್ತ ಹೋಗುತ್ತದೆ, ನೋವು ಕಡಿಮೆ. ಮೂಲದ ಮೊಳಕೆಯಲ್ಲಿ ರಕ್ತ ಹೆಪ್ಪುಗಟ್ಟಿದರೆ ಮಾತ್ರ ನೀಲಿ ಬಣ್ಣದ ಗಂಟು ದಿಢೀರನೆ ಎದ್ದು ಎರಡು ದಿನ ವಿಪರೀತ ನೋಯುತ್ತದೆ, ಆದರೆ ಜ್ವರ ಬರುವುದಿಲ್ಲ. ಫಿಶರ್ (ಗುದದ್ವಾರದ ಬಿರುಕು) ಆಗಿದ್ದರೆ ಮಲ ಹೋಗುವಾಗ ಕೊಯ್ದಂತಾಗಿ, ಆಮೇಲೆ ಒಂದೆರಡು ಗಂಟೆ ಉರಿದು ಇಳಿಯುತ್ತದೆ. ಹಗಲು ರಾತ್ರಿ ಬಿಡದೆ ನಾಡಿ ಬಡಿದಂತೆ ಪಟಪಟ ಸಿಡಿಯುವ ನೋವು, ಕೆಂಪು, ಬಿಸಿ, ಜ್ವರ ಇಷ್ಟೂ ಒಟ್ಟಿಗೆ ಇದ್ದರೆ ಕೀವು ಎಂದೇ ತಿಳಿಯಬೇಕು.

ಗುದನಾಳದ ಒಳಗೆ, ಅಂಚಿನಿಂದ ಸುಮಾರು ಎರಡು ಸೆಂಟಿಮೀಟರ್ ಮೇಲೆ, ಜಾರುದ್ರವ ಸುರಿಸುವ ಕೆಲವು ಪುಟ್ಟ ಗ್ರಂಥಿಗಳಿವೆ. ಒಂದರ ಬಾಯಿ ಕಟ್ಟಿದರೆ ಮಲದ ಬ್ಯಾಕ್ಟೀರಿಯಾ ಒಳಗೇ ಬೆಳೆದು ಕೀವಾಗುತ್ತದೆ. ಗ್ರಂಥಿಯ ಬುಡ ಇರುವುದು ಮಲವನ್ನು ಹಿಡಿದಿಡುವ ಒಳ ಮತ್ತು ಹೊರ ಸ್ನಾಯುಗಳ ನಡುವೆ. ಅಲ್ಲಿಂದ ಕೀವು ಕೆಳಗಿಳಿದು ಚರ್ಮದಡಿ ಬಂದರೆ ನಿಮಗಾದಂತೆ ಗಂಟು ಕಾಣುತ್ತದೆ. ಹೆಚ್ಚಿನವರಲ್ಲಿ ಆಗುವುದು ಹೀಗೇ. ಪಕ್ಕಕ್ಕೆ ನುಗ್ಗಿದರೆ ಪೃಷ್ಠದ ಆಳದ ಕೊಬ್ಬಿನೊಳಗೆ ಸೇರುತ್ತದೆ. ಆ ಕೊಬ್ಬಿಗೆ ರಕ್ತಸಂಚಾರ ಕಡಿಮೆಯಾದ್ದರಿಂದ ಅಲ್ಲಿ ಕೀವನ್ನು ತಡೆಯುವವರಿಲ್ಲ. ತೊಡೆಯ ಮೇಲಿನ ಕುರು ಹಣ್ಣಾಗಿ ತಾನೇ ಒಡೆಯುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯದಿರುವುದು ಅದಕ್ಕೇ. ಚರ್ಮ ಮೆತ್ತಗಾಗುವ ಹೊತ್ತಿಗೆ ಕೀವು ಗುದದ ಹಿಂಭಾಗದಿಂದ ಸುತ್ತಿ ಇನ್ನೊಂದು ಪಕ್ಕಕ್ಕೂ ಹೋಗಿರಬಹುದು.

ಬಾವಿನ ಗೋಡೆ ದಾಟಿ ಔಷಧಿ ಸಾಕಷ್ಟು ಒಳಹೋಗುವುದಿಲ್ಲವಾದ್ದರಿಂದ ಮಾತ್ರೆಯೊಂದರಿಂದಲೇ ಗುಣವಾಗದು. ಜ್ವರ ಒಂದೆರಡು ದಿನ ಇಳಿದು ಮತ್ತೆ ಏರುತ್ತದೆ, ಅಷ್ಟರಲ್ಲಿ ವಾರ ಕಳೆದಿರುತ್ತದೆ. ಸುಣ್ಣವಂತೂ ಚರ್ಮವನ್ನು ಸುಡುತ್ತದೆ, ಇವತ್ತೇ ನಿಲ್ಲಿಸಿ.

ಆಗಬೇಕಾದ ಕೆಲಸ ಒಂದೇ, ಕೊಯ್ದು ಕೀವು ಹೊರಬಿಡುವುದು. ಚಿಕ್ಕ ಗಂಟಾದರೆ ಸ್ಥಳೀಯ ಅರಿವಳಿಕೆ ಸಾಕು. ದೊಡ್ಡದು, ಆಳದ್ದು ಆದರೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟೋ ಪೂರ್ತಿ ಮತ್ತು ಬರಿಸಿಯೋ ಮಾಡುತ್ತಾರೆ. ನೇರ ಗೀರು ಹಾಕಿದರೆ ಚರ್ಮ ಬೇಗ ಕೂಡಿಕೊಂಡು ಕೀವು ಮತ್ತೆ ಕಟ್ಟುತ್ತದೆ. ಆದ್ದರಿಂದ ‘+’ ಆಕಾರದಲ್ಲಿ ಕೊಯ್ದು ಮೂಲೆಗಳನ್ನು ಕತ್ತರಿಸುತ್ತಾರೆ, ಅಥವಾ ಅಂಡಾಕಾರದಲ್ಲಿ ಚರ್ಮ ತೆಗೆಯುತ್ತಾರೆ. ಅದೂ ಗುದದ್ವಾರಕ್ಕೆ ಆದಷ್ಟು ಹತ್ತಿರ. ಮುಂದೆ ಭಗಂದರವಾದರೂ, ಅಂದರೆ ಗ್ರಂಥಿಯಿಂದ ಚರ್ಮದವರೆಗೆ ಕೀವಿನ ಸುರಂಗ ಉಳಿದರೂ, ಅದು ಗಿಡ್ಡವಾಗಿರಲಿ ಎಂದು. ಸಾಮಾನ್ಯ ಬಾವಿಗೆ ಸ್ಕ್ಯಾನಿಂಗ್ ಬೇಕಿಲ್ಲ. ಸಕ್ಕರೆ ಕಾಯಿಲೆ, ಹೃದಯದ ಕವಾಟದ ತೊಂದರೆ, ಸುತ್ತಲೂ ಹಬ್ಬಿದ ಕೆಂಪು ಇದ್ದವರಿಗೆ ಕೊಯ್ದ ಮೇಲೂ ಆಂಟಿಬಯೋಟಿಕ್ ಬೇಕಾಗುತ್ತದೆ.

ಪ್ರಶ್ನೆ: ಯಜಮಾನರಿಗೆ ಇದೇ ಆಪರೇಷನ್ ಆಗಿ ಮೂರು ದಿನ. ಹೊಲಿಗೆ ಹಾಕದೆ ಗಾಯವನ್ನು ತೆರೆದೇ ಬಿಟ್ಟಿದ್ದಾರೆ. ಮಲ ತಾಗಿ ನಂಜಾಗುವುದಿಲ್ಲವೆ?
– ಗೃಹಿಣಿ, ತುಮಕೂರು

ಉತ್ತರ: ಹೊಲಿಗೆ ಹಾಕಿದ್ದರೇ ನಂಜಾಗುತ್ತಿತ್ತು. ಗಾಯ ತಳದಿಂದ ತುಂಬಿಕೊಂಡು ಬರಬೇಕು; ಅದಕ್ಕೆ ಗಾತ್ರ ನೋಡಿಕೊಂಡು ಮೂರರಿಂದ ಎಂಟು ವಾರ ಹಿಡಿಯುತ್ತದೆ.

ಅಗಲವಾದ ಪ್ಲಾಸ್ಟಿಕ್ ಬೇಸನ್ನಿನಲ್ಲಿ ಸೊಂಟದ ಕೆಳಭಾಗ ಮುಳುಗುವಷ್ಟು ಬೆಚ್ಚಗಿನ ನೀರು ಹಾಕಿ. ಮೊಣಕೈ ಅದ್ದಿದರೆ ಹಿತವಾಗಿರಬೇಕು, ಸುಡಬಾರದು. ದಿನಕ್ಕೆ ಮೂರು ಸಲ, ಮಲ ಹೋದ ಮೇಲೆ ತಪ್ಪದೆ, 10–15 ನಿಮಿಷ ಕೂರಿಸಿ. ಡೆಟಾಲ್, ಪೊಟ್ಯಾಸಿಯಂ ಪರ್ಮಾಂಗನೇಟ್ ಯಾವುದೂ ಬೇಡ, ಬರೀ ನೀರು ಸಾಕು. ಆಮೇಲೆ ಉಜ್ಜದೆ ಒತ್ತಿ ಒರೆಸಿ ಗಾಜ್ ಬಟ್ಟೆ ಇಡಿ. ರಸ ಸೋರುವುದು ಸಹಜ. ಒಳಚಡ್ಡಿಯೊಳಗೆ ಸ್ಯಾನಿಟರಿ ಪ್ಯಾಡ್ ಇಟ್ಟುಕೊಳ್ಳುವುದೇ ಎಲ್ಲಕ್ಕಿಂತ ಅನುಕೂಲ, ಗಂಡಸರು ಇದಕ್ಕೆ ನಾಚಬೇಕಿಲ್ಲ. ಗಾಯದೊಳಗೆ ಗಾಜ್ ತುರುಕುವುದು ಎಲ್ಲರಿಗೂ ಬೇಕಿಲ್ಲ, ನೋವೇ ಹೆಚ್ಚು. ಗಾಯದ ತುಟಿಗಳು ಮೇಲೆ ಅಂಟಿ ಒಳಗೆ ಪೊಳ್ಳು ಉಳಿಯದಂತೆ ನೋಡಿಕೊಂಡರಾಯಿತು. ಅದನ್ನು ನೋಡುವುದಕ್ಕೇ ವಾರಕ್ಕೊಮ್ಮೆ ಡಾಕ್ಟರ ಬಳಿ ಹೋಗಬೇಕು.

ಮಲ ಗಟ್ಟಿಯಾಗಬಾರದು. ರಾತ್ರಿ ಎರಡು ಟೀ ಚಮಚ ಇಸಬಗೋಲನ್ನು ದೊಡ್ಡ ಲೋಟ ನೀರಿನಲ್ಲಿ ಕಲಸಿ ಕೂಡಲೇ ಕುಡಿದು, ಮೇಲೆ ಇನ್ನೊಂದು ಲೋಟ ನೀರು ಕುಡಿಯಬೇಕು. ನೀರು ಕಡಿಮೆಯಾದರೆ ಇಸಬಗೋಲೇ ಮಲ ಕಟ್ಟಿಸುತ್ತದೆ. ಮೂತ್ರ ಕಟ್ಟಿಕೊಂಡರೆ, ಪ್ಯಾಡ್ ತೋಯ್ದುಹೋಗುವಷ್ಟು ರಕ್ತ ಬಂದರೆ, ಇಳಿದ ಜ್ವರ ಮರಳಿದರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಕೊಯ್ದು ಮೂರು ತಿಂಗಳಾದರೂ ಸಣ್ಣ ರಂಧ್ರದಿಂದ ಕೀವು ಜಿನುಗುತ್ತದೆ. ಭಗಂದರವೆ? ಕ್ಷಾರಸೂತ್ರ ಒಳ್ಳೆಯದೆ?
– ಓದುಗ, ಶಿವಮೊಗ್ಗ

ಉತ್ತರ: ಹೌದು, ಬಹುತೇಕ ಭಗಂದರವೇ. ಮೂಲ ಗ್ರಂಥಿಯಿಂದ ಚರ್ಮದವರೆಗೆ ಸುರಂಗ ಉಳಿದಿದೆ. ಕೀವು ತೆಗೆಸಿದ ಮೂವರಲ್ಲಿ ಒಬ್ಬರಿಗಾದರೂ ಹೀಗಾಗುತ್ತದೆ. ಇದು ಆಪರೇಷನ್ ಮಾಡಿದವರ ತಪ್ಪಲ್ಲ.

ಸುರಂಗ ಎಷ್ಟು ಸ್ನಾಯುವನ್ನು ದಾಟಿದೆ ಎಂಬುದರ ಮೇಲೆ ಚಿಕಿತ್ಸೆ ನಿಂತಿದೆ. ತೀರಾ ಮೇಲ್ಪದರದ್ದಾದರೆ ಸೀಳಿ ಬಿಟ್ಟರೆ ವಾಸಿ. ಹೆಚ್ಚು ಸ್ನಾಯು ಸಿಕ್ಕಿಕೊಂಡಿದ್ದರೆ ಸೀಳಿದಾಗ ಮಲದ ಹಿಡಿತವೇ ತಪ್ಪಬಹುದು. ಅಂಥಲ್ಲಿ ಎಂಆರ್‌ಐ ಮಾಡಿಸಿ, ದಾರ ಹಾಕಿಡುವುದು ಅಥವಾ ಸ್ನಾಯು ಉಳಿಸುವ ಬೇರೆ ವಿಧಾನ. ಕ್ಷಾರಸೂತ್ರವೂ ದಾರದ ಚಿಕಿತ್ಸೆಯೇ. ಎಲೆಗಳ್ಳಿ ಹಾಲು, ಉತ್ತರಾಣಿ ಕ್ಷಾರ, ಅರಿಶಿನ ಸೇರಿ 21 ಲೇಪ ಕೊಟ್ಟ ನೂಲನ್ನು ಸುರಂಗದಲ್ಲಿ ಕಟ್ಟಿ ವಾರಕ್ಕೊಮ್ಮೆ ಬದಲಿಸುತ್ತಾರೆ. ಅದು ನಿಧಾನವಾಗಿ ಕೊಯ್ಯುತ್ತಾ ಹಿಂದೆಯೇ ಗಾಯ ಮಾಯಿಸುತ್ತದೆ. ತಿಂಗಳುಗಟ್ಟಲೆ ಹಿಡಿದರೂ ಫಲ ಕೊಡುವ ಚಿಕಿತ್ಸೆ, ಆದರೆ ಶಲ್ಯತಂತ್ರದಲ್ಲಿ (ಆಯುರ್ವೇದದ ಶಸ್ತ್ರಚಿಕಿತ್ಸೆ) ಎಂ.ಎಸ್. ಮಾಡಿದವರ ಹತ್ತಿರ ಮಾತ್ರ. ಬಸ್‌ಸ್ಟ್ಯಾಂಡ್ ಗೋಡೆಯ ‘ಒಂದೇ ಇಂಜೆಕ್ಷನ್, ಗ್ಯಾರಂಟಿ’ ಬೋರ್ಡುಗಳನ್ನು ನಂಬಬೇಡಿ. ಸುರಂಗ ಮತ್ತೆ ಮತ್ತೆ ಮರಳುತ್ತಿದ್ದರೆ ಅಲ್ಲಿನ ಅಂಗಾಂಶವನ್ನು ಟಿ.ಬಿ. ಮತ್ತು ಕ್ರೋನ್ಸ್ ಕಾಯಿಲೆಗಾಗಿ (ಕರುಳಿನ ದೀರ್ಘಕಾಲದ ಉರಿಯೂತ) ಪರೀಕ್ಷಿಸಬೇಕು.

ಪ್ರಶ್ನೆ: ಅಮ್ಮನಿಗೆ 61, ಸಕ್ಕರೆ ಕಾಯಿಲೆ, ಅದಕ್ಕೆ ಡಾಪಾಗ್ಲಿಫ್ಲೋಜಿನ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಕೆಳಗೆ ಆಳದಲ್ಲಿ ನೋವು, ಜ್ವರ. ಹೊರಗೆ ಏನೂ ಕಾಣುತ್ತಿಲ್ಲ.
– ಮಗಳು, ಮೈಸೂರು

ಉತ್ತರ: ಆಳದ ಬಾವು ಹೊರಗೆ ಕಾಣುವುದಿಲ್ಲ. ಇವತ್ತೇ ಶಸ್ತ್ರಚಿಕಿತ್ಸಕರಿರುವ ಆಸ್ಪತ್ರೆಗೆ ಕರೆದೊಯ್ಯಿರಿ, ಸಿ.ಟಿ. ಅಥವಾ ಎಂಆರ್‌ಐ ಬೇಕಾಗಬಹುದು. ಚರ್ಮ ಕಪ್ಪಾಗುವುದು, ಒತ್ತಿದರೆ ಚರಚರ ಸದ್ದು, ಗಂಟೆಗಂಟೆಗೂ ಹಬ್ಬುವ ಊತ, ಮಂಪರು ಇದ್ದರೆ ಅದು ಫೋರ್ನಿಯರ್ ಗ್ಯಾಂಗ್ರಿನ್, ಅಂದರೆ ಚರ್ಮದಡಿಯ ಭಾಗ ವೇಗವಾಗಿ ಕೊಳೆಯುವ ಸೋಂಕು, ಪ್ರಾಣಕ್ಕೇ ಅಪಾಯ. ನೀವು ಹೇಳಿದ ಮಾತ್ರೆಯ ಗುಂಪಿನ ಬಗ್ಗೆ 2018ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಕಾಯಿಲೆಯ ಎಚ್ಚರಿಕೆ ಕೊಟ್ಟಿದೆ. ಬರುವುದು ಅಪರೂಪ, ಆದರೂ ಮಾತ್ರೆಯ ಹೆಸರನ್ನು ಡಾಕ್ಟರಿಗೆ ಮೊದಲೇ ಹೇಳಿ.

ಪ್ರಶ್ನೆ: ಐದು ತಿಂಗಳ ಗಂಡುಮಗುವಿಗೂ ಕೊಯ್ಸಬೇಕೆ?
– ತಾಯಿ, ಬೆಳಗಾವಿ

ಉತ್ತರ: ಹಸುಗೂಸಿನ ಲೆಕ್ಕ ಬೇರೆ. ಒಂದು ವರ್ಷದೊಳಗಿನ ಗಂಡುಮಕ್ಕಳಲ್ಲಿ ಇದು ಸಾಮಾನ್ಯ. ಮಗು ಹಾಲು ಕುಡಿಯುತ್ತಾ ಆಡಿಕೊಂಡಿದ್ದರೆ, ಜ್ವರವಿಲ್ಲದಿದ್ದರೆ, ಎಷ್ಟೋ ಸಲ ಬೆಚ್ಚಗಿನ ನೀರಿನ ಸ್ನಾನದಲ್ಲೇ ಒಡೆದು ಮಾಯುತ್ತದೆ. ಆದರೆ ಮಕ್ಕಳ ಡಾಕ್ಟರು ಒಮ್ಮೆ ನೋಡಿಯೇ ಹಾಗೆ ಬಿಡಬೇಕು. ನೀವೇ ಹಿಚುಕಬೇಡಿ. ಜ್ವರ ಬಂದರೆ, ಹಾಲು ಬಿಟ್ಟರೆ ಬೆಳಗಾಗುವವರೆಗೂ ಕಾಯದೆ ತೋರಿಸಿ.