ಹ್ಯಾಂಡ್‌ಹೆಲ್ಡ್‌ನಲ್ಲಿ ಹೊರಗಿನ ಸಾಫ್ಟ್‌ವೇರ್: ಬೀಗ ಎಲ್ಲೆಲ್ಲಿದೆ?

ಪ್ರಶ್ನೆ: ವಾಲ್ವ್ ಕಂಪನಿಯ ಕೈಯಲ್ಲಿ ಹಿಡಿದು ಆಡುವ ಗೇಮಿಂಗ್ ಯಂತ್ರ ಸ್ಟೀಮ್ ಡೆಕ್‌ನಲ್ಲಿ ಪ್ಯಾಕ್‌ಮ್ಯಾನ್ ಎಂಬ ಕಮಾಂಡ್ ಮೂಲಕ ಹಾಕಿಕೊಂಡ ಪ್ರೋಗ್ರಾಂಗಳೆಲ್ಲ ಸಿಸ್ಟಂ ಅಪ್‌ಡೇಟ್ ಆದಮೇಲೆ ಮಾಯವಾದವು. ಇದು ಮುಕ್ತ ಲಿನಕ್ಸ್ ಅಲ್ಲವೇ?

ಉತ್ತರ: ಲಿನಕ್ಸೇ, ಅದೂ ಆರ್ಚ್ ಎಂಬ ಲಿನಕ್ಸ್ ಬಗೆಯನ್ನು ಆಧರಿಸಿದ್ದು. ಆದರೆ ಡೆಕ್‌ನ ಆಪರೇಟಿಂಗ್ ಸಿಸ್ಟಂ ಆದ ಸ್ಟೀಮ್‌ಓಎಸ್‌ನ ರೂಟ್ ಭಾಗವನ್ನು (ಸಿಸ್ಟಂ ಫೈಲುಗಳಿರುವ ಜಾಗ) ಓದಲು ಮಾತ್ರ ಬಿಟ್ಟಿರುತ್ತಾರೆ. ಡಿಸ್ಕಿನಲ್ಲಿ ಸಿಸ್ಟಂನ ಎರಡು ಪ್ರತಿಗಳಿರುತ್ತವೆ. ಅಪ್‌ಡೇಟ್ ಬಂದಾಗ ಬಳಕೆಯಲ್ಲಿಲ್ಲದ ಪ್ರತಿಯ ಮೇಲೆ ಹೊಸ ಇಮೇಜ್ ಬರೆದು, ಮುಂದಿನ ಸಲ ಅದರಿಂದಲೇ ಬೂಟ್ ಆಗುತ್ತದೆ. ರೀಡ್‌ಓನ್ಲಿ ತೆಗೆದು ನೀವು ಸೇರಿಸಿದ್ದೆಲ್ಲ ಹಳೆಯ ಪ್ರತಿಯಲ್ಲೇ ಉಳಿಯಿತು. ಹೋಮ್ ಫೋಲ್ಡರ್‌ಗೆ ಮಾತ್ರ ಅಪ್‌ಡೇಟ್ ಕೈ ಹಾಕುವುದಿಲ್ಲ.

ಹಾಗಾಗಿ ಸ್ಟೀಮ್ ಬಟನ್ ಒತ್ತಿ, ಪವರ್ ಮೆನುವಿನಿಂದ ಡೆಸ್ಕ್‌ಟಾಪ್ ಮೋಡ್‌ಗೆ ಹೋಗಿ, ಡಿಸ್ಕವರ್ ಎಂಬ ಆಪ್ ಅಂಗಡಿಯಿಂದ ಫ್ಲಾಟ್‌ಪ್ಯಾಕ್ (ಸಿಸ್ಟಂನಿಂದ ಬೇರೆಯಾಗಿ ಕೂರುವ ಪ್ಯಾಕೇಜ್) ರೂಪದಲ್ಲಿ ಹಾಕಿಕೊಳ್ಳಿ. ಅವು ಹೋಮ್ ಪಾರ್ಟಿಶನ್‌ನಲ್ಲೇ ಕೂರುತ್ತವೆ. ಫ್ಲಾಟ್‌ಪ್ಯಾಕ್‌ನಲ್ಲಿ ಸಿಗದ ಕಮಾಂಡ್‌ಲೈನ್ ಸಾಧನಗಳಿಗೆ, ಇನ್ನೊಂದು ಲಿನಕ್ಸನ್ನು ಪ್ರತ್ಯೇಕ ಡಬ್ಬಿಯಲ್ಲಿಟ್ಟು ಓಡಿಸುವ ಡಿಸ್ಟ್ರೋಬಾಕ್ಸ್ ಇದೆ, ಸ್ಟೀಮ್‌ಓಎಸ್ 3.5ರಿಂದ ಅದು ಸಿಸ್ಟಂ ಜೊತೆಗೇ ಬರುತ್ತದೆ. ಸುಡೋ (ಆಡಳಿತಗಾರನ ಅಧಿಕಾರದಲ್ಲಿ ಕಮಾಂಡ್ ಓಡಿಸುವುದು) ಬೇಕಾದರೆ ಮೊದಲು ಟರ್ಮಿನಲ್‌ನಲ್ಲಿ ಪಾಸ್‌ವರ್ಡ್ ಇಟ್ಟುಕೊಳ್ಳಬೇಕು. ಡೆಕ್ ಬಳಕೆದಾರನಿಗೆ ಆರಂಭದಲ್ಲಿ ಪಾಸ್‌ವರ್ಡೇ ಇರುವುದಿಲ್ಲ.

ಪ್ರಶ್ನೆ: ಬೇರೆ ಅಂಗಡಿಯಲ್ಲಿ ಕೊಂಡ ವಿಂಡೋಸ್ ಗೇಮ್‌ನ ಸೆಟಪ್ ಫೈಲನ್ನು ಸ್ಟೀಮ್‌ಗೆ (ವಾಲ್ವ್‌ನ ಗೇಮ್ ಅಂಗಡಿ) ಸೇರಿಸಿ ಓಡಿಸಿದೆ. ಇನ್‌ಸ್ಟಾಲ್ ಮುಗಿಯಿತು. ಈಗ ಪ್ಲೇ ಒತ್ತಿದರೆ ಮತ್ತೆ ಸೆಟಪ್ಪೇ ತೆರೆಯುತ್ತದೆ!

ಉತ್ತರ: ಬಹಳ ಮಂದಿ ಸಿಕ್ಕಿಬೀಳುವ ಜಾಗ ಇದು. ಹೊರಗಿನಿಂದ ಸೇರಿಸಿದ ಒಂದೊಂದು ಗೇಮ್‌ಗೂ, ವಿಂಡೋಸ್ ಗೇಮ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್ ಪ್ರತ್ಯೇಕವಾದ ಒಂದು ಹುಸಿ ಸಿ ಡ್ರೈವ್ ಮಾಡಿಕೊಡುತ್ತದೆ. ಅದು ಸ್ಟೀಮ್‌ಆಪ್ಸ್ ಒಳಗಿನ ಕಾಂಪ್ಯಾಟ್‌ಡೇಟಾ ಫೋಲ್ಡರ್‌ನಲ್ಲಿ, ಉದ್ದನೆಯ ಸಂಖ್ಯೆಯೊಂದರ ಹೆಸರಿನಲ್ಲಿ ಇರುತ್ತದೆ. ಗೇಮ್ ಇನ್‌ಸ್ಟಾಲ್ ಆಗಿರುವುದು ಅದರೊಳಗೆ.

ಸ್ಟೀಮ್ ಪಟ್ಟಿಯಲ್ಲಿರುವ ಆ ನಮೂದನ್ನು ಅಳಿಸಬೇಡಿ, ಹೊಸದನ್ನೂ ಸೇರಿಸಬೇಡಿ. ಹೊಸ ನಮೂದಿಗೆ ಹೊಸ ಸಂಖ್ಯೆ, ಹೊಸ ಖಾಲಿ ಡ್ರೈವ್. ಇನ್‌ಸ್ಟಾಲರ್ ಬರೆದಿಟ್ಟ ರಿಜಿಸ್ಟ್ರಿ, ರನ್‌ಟೈಮ್ ಫೈಲುಗಳು ಅದಕ್ಕೆ ಕಾಣುವುದಿಲ್ಲ. ಹಳೆಯ ನಮೂದಿನ ಪ್ರಾಪರ್ಟೀಸ್ ತೆರೆದು, ಟಾರ್ಗೆಟ್ ಜಾಗದಲ್ಲಿ ಸೆಟಪ್ ಬದಲು ಗೇಮ್‌ನ ಇಎಕ್ಸ್‌ಇ ಫೈಲಿನ ದಾರಿಯನ್ನು ಉದ್ಧರಣ ಚಿಹ್ನೆಯೊಳಗೆ ಕೊಡಿ. ‘ಸ್ಟಾರ್ಟ್ ಇನ್’ ಜಾಗಕ್ಕೆ ಅದೇ ಫೈಲ್ ಇರುವ ಫೋಲ್ಡರ್ ಹಾಕಿ. ಇದನ್ನು ಮರೆತರೆ ಕೆಲವು ಗೇಮ್‌ಗಳು ತಮ್ಮ ಡೇಟಾ ಫೈಲ್ ಸಿಗದೆ ಸದ್ದಿಲ್ಲದೆ ಮುಚ್ಚಿಕೊಳ್ಳುತ್ತವೆ. ಫೈಲ್ ಹುಡುಕುವಾಗ ಫೈಲ್ ಮ್ಯಾನೇಜರ್ ಡಾಲ್ಫಿನ್‌ನಲ್ಲಿ ‘ಹಿಡನ್ ಫೈಲ್ಸ್’ ಆನ್ ಇರಲಿ, ದಾರಿಯಲ್ಲಿ ಚುಕ್ಕೆಯಿಂದ ಶುರುವಾಗುವ ಫೋಲ್ಡರ್ ಇದೆ.

ಇಷ್ಟೆಲ್ಲ ಬೇಡವೆನಿಸಿದರೆ ಹೀರೋಯಿಕ್ ಲಾಂಚರ್ ಹಾಕಿಕೊಳ್ಳಿ. ಎಪಿಕ್, ಜಿಓಜಿ ಎಂಬ ಗೇಮ್ ಅಂಗಡಿಗಳೆರಡನ್ನೂ ಅದೇ ನೋಡಿಕೊಳ್ಳುತ್ತದೆ.

ಪ್ರಶ್ನೆ: ಫೋರ್ಟ್‌ನೈಟ್ ಡೆಕ್‌ನಲ್ಲಿ ಏಕೆ ಓಡುವುದಿಲ್ಲ?

ಉತ್ತರ: ಯಂತ್ರದ ತಪ್ಪಲ್ಲ. ಈಸಿ ಆಂಟಿ-ಚೀಟ್, ಬ್ಯಾಟಲ್‌ಐ ಎಂಬ ಮೋಸದಾಟ ತಡೆಯುವ ಸಾಫ್ಟ್‌ವೇರ್‌ಗಳೆರಡಕ್ಕೂ ಪ್ರೋಟಾನ್ ಬೆಂಬಲವಿದೆ. ಅದನ್ನು ಆನ್ ಮಾಡುವುದು ಬಿಡುವುದು ಆಯಾ ಗೇಮ್ ತಯಾರಕರ ಕೈಯಲ್ಲಿದೆ. ಫೋರ್ಟ್‌ನೈಟ್ ತಯಾರಕರು ಅದನ್ನು ಆನ್ ಮಾಡಿಲ್ಲ. ಸ್ಥಳೀಯವಾಗಿ ಆಡಲೇಬೇಕೆಂದರೆ ವಿಂಡೋಸ್ ಒಂದೇ ದಾರಿ.

ಪ್ರಶ್ನೆ: ಹಾಗಾದರೆ ಡೆಕ್‌ಗೆ ವಿಂಡೋಸ್, ವಿಂಡೋಸ್ ಜೊತೆ ಬರುವ ಏಸಸ್‌ನ ಹ್ಯಾಂಡ್‌ಹೆಲ್ಡ್ ಆರ್‌ಓಜಿ ಅಲೈಗೆ ಲಿನಕ್ಸ್ ಹಾಕಬಹುದೇ?

ಉತ್ತರ: ಎರಡೂ ಆಗುತ್ತದೆ, ಏಕೆಂದರೆ ಎರಡೂ ಒಳಗೆ ಸಾಮಾನ್ಯ ಪಿಸಿಗಳೇ. ಡೆಕ್ ಆಫ್ ಮಾಡಿ, ವಾಲ್ಯೂಮ್ ಡೌನ್ ಹಿಡಿದು ಪವರ್ ಒತ್ತಿದರೆ ಬೂಟ್ ಮೆನು ಬರುತ್ತದೆ. ವಾಲ್ವ್ ವಿಂಡೋಸ್ ಡ್ರೈವರ್‌ಗಳನ್ನು ಕೊಡುತ್ತದೆ, ಬೇರೆ ನೆರವು ಕೇಳುವಂತಿಲ್ಲ. ಎರಡೂ ಸಿಸ್ಟಂ ಇಟ್ಟುಕೊಂಡಾಗ ವಿಂಡೋಸ್ ತನ್ನನ್ನೇ ಮೊದಲ ಸಾಲಿಗೆ ತಂದುಕೊಳ್ಳುವುದುಂಟು. ಆಗ ವಾಲ್ಯೂಮ್ ಅಪ್ ಹಿಡಿದು ಪವರ್ ಒತ್ತಿ ‘ಬೂಟ್ ಫ್ರಮ್ ಫೈಲ್’ ಆರಿಸಿ, ಬೂಟ್ ಫೈಲುಗಳಿರುವ ಇಎಫ್‌ಐ ಪಾರ್ಟಿಶನ್‌ನ ಸ್ಟೀಮ್‌ಓಎಸ್ ಫೋಲ್ಡರ್‌ನಲ್ಲಿರುವ ಇಎಫ್‌ಐ ಫೈಲನ್ನು ತೋರಿಸಿ.

ಅಲೈನಲ್ಲಿ ಎಡವುವ ಜಾಗ ಬೇರೆ. ಬ್ಯಾಝೈಟ್‌ನಂಥ ಗೇಮಿಂಗ್ ಲಿನಕ್ಸ್ ಹಾಕಲು ಸೆಕ್ಯೂರ್ ಬೂಟ್ (ಸಹಿ ಇರುವ ಸಿಸ್ಟಂ ಮಾತ್ರ ಬೂಟ್ ಆಗಲು ಬಿಡುವ ವ್ಯವಸ್ಥೆ) ಆಫ್ ಮಾಡುವ ಮೊದಲು ವಿಂಡೋಸ್ ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆಯೇ ನೋಡಿ, ಆಗಿದ್ದರೆ ಬಿಟ್‌ಲಾಕರ್ ರಿಕವರಿ ಕೀ ಬರೆದಿಟ್ಟುಕೊಳ್ಳಿ. ಇಲ್ಲದಿದ್ದರೆ ಮುಂದಿನ ಬೂಟ್‌ನಲ್ಲಿ 48 ಅಂಕಿಗಳ ಕೀ ಕೇಳುವ ನೀಲಿ ಪರದೆ ಎದುರಾದಾಗ ಒಳಗಿನ ಡೇಟಾ ಸಿಗುವುದಿಲ್ಲ.

ಪ್ರಶ್ನೆ: ನಿಂಟೆಂಡೊ ಸ್ವಿಚ್‌ನಲ್ಲೂ ಇದೆಲ್ಲ ಸಾಧ್ಯವೇ?

ಉತ್ತರ: ಅಧಿಕೃತವಾಗಿ ಇಲ್ಲ. ನಿಂಟೆಂಡೊ ಸಹಿ ಇಲ್ಲದ ಕೋಡ್ ಅದರಲ್ಲಿ ಓಡುವುದಿಲ್ಲ. 2018ರಲ್ಲಿ ಸ್ವಿಚ್‌ನೊಳಗಿನ ಟೆಗ್ರಾ ಚಿಪ್‌ನ ಬೂಟ್ ರೋಮ್‌ನಲ್ಲಿ (ಆನ್ ಮಾಡಿದೊಡನೆ ಮೊದಲು ಓಡುವ ಕೋಡ್) ಸಿಕ್ಕ ದೋಷದಿಂದ ಆರಂಭದ ಸ್ವಿಚ್‌ಗಳ ಬೀಗ ಒಡೆಯಿತು. ಆ ರೋಮ್ ಚಿಪ್ಪಿನಲ್ಲೇ ಕೊರೆದದ್ದು, ಮಾರಾಟವಾದ ಯಂತ್ರಗಳಲ್ಲಿ ಅಪ್‌ಡೇಟ್ ಕಳಿಸಿ ಸರಿಪಡಿಸಲು ಬರಲಿಲ್ಲ. ನಂತರ ತಯಾರಾದವುಗಳಲ್ಲಿ ಮುಚ್ಚಿದರು. ಬೀಗ ಒಡೆದು ಬಳಸಿದ್ದು ಪತ್ತೆಯಾದರೆ ಆ ಯಂತ್ರಕ್ಕೆ ಆನ್‌ಲೈನ್ ಸೇವೆ ಬಂದ್.