ಅಮ್ಮನಿಗೆ ಡಿಪ್ರೆಶನ್, ನೋಡಿಕೊಳ್ಳುವ ಅಪ್ಪನಿಗೂ ನಿದ್ದೆ ಇಲ್ಲ. ಏನು ಮಾಡಲಿ?

ನೀವು ಕೇಳಿರುವುದು ಎರಡು ವಿಷಯ. ತಾಯಿಗೆ ಒಂದು ವರ್ಷದಿಂದ ಡಿಪ್ರೆಶನ್, ಮಾತ್ರೆ ನಡೆಯುತ್ತಿದೆ, ಆದರೂ ಎದ್ದು ಓಡಾಡುವುದಿಲ್ಲ. "ಮನಸ್ಸು ಮಾಡಿದ್ರೆ ಆಗುತ್ತೆ" ಅಂತ ತಂದೆ ಬೈಯುತ್ತಾರೆ. ಹಾಗಾದರೆ ಮೆದುಳಿನಲ್ಲಿ ನಿಜಕ್ಕೂ ಏನಾದರೂ ಆಗಿರುತ್ತಾ ಅನ್ನುವುದು ಮೊದಲನೆಯದು. ಈಗ ತಂದೆಗೇ ನಿದ್ದೆ ಇಲ್ಲ, ಬಿಪಿ ಏರಿದೆ, ಪುಣೆಯಲ್ಲಿರುವ ನಾನು ಏನು ಮಾಡಲಿ ಅನ್ನುವುದು ಎರಡನೆಯದು.

ನಾನು ಡಾಕ್ಟರ್ ಅಲ್ಲ. ನಮ್ಮ ಯಜಮಾನರಿಗೆ ಈ ಕಾಯಿಲೆ ಬಂದು, ಹೋಗಿ, ಮತ್ತೆ ಬಂದಿತ್ತು. ನೋಡಿಕೊಂಡವಳು ನಾನು. ಆ ದಿನಗಳಲ್ಲಿ ಕೈಗೆ ಸಿಕ್ಕಿದ್ದೆಲ್ಲ ಓದಿದ್ದೇನೆ. ನನ್ನ ಪ್ರಕಾರ ನಿಮ್ಮ ಎರಡನೇ ಪ್ರಶ್ನೆಯೇ ಹೆಚ್ಚು ಅವಸರದ್ದು. ಆದರೆ ಮೊದಲನೆಯದು ಅರ್ಥವಾಗದೆ ಅಪ್ಪನ ಬೈಗುಳ ನಿಲ್ಲುವುದಿಲ್ಲ, ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಮೆದುಳಿನಲ್ಲಿ ವ್ಯತ್ಯಾಸ ಇರುತ್ತದೆ, ಆದರೆ ಸ್ಕ್ಯಾನ್ ಮಾಡಿಸಿ ಹಿಡಿಯುವಂಥದ್ದಲ್ಲ. 2015ರಲ್ಲಿ ಹಲವು ದೇಶಗಳ ಸಂಶೋಧಕರು ತಮ್ಮಲ್ಲಿದ್ದ ಎಂಆರ್‌ಐಗಳನ್ನು ಒಟ್ಟು ಸೇರಿಸಿ ನೋಡಿದರು. ಡಿಪ್ರೆಶನ್ ಇದ್ದವರು 1,728 ಜನ, ಇಲ್ಲದವರು 7,199. ನೆನಪಿಗೆ ಸಂಬಂಧಪಟ್ಟ ಹಿಪೊಕ್ಯಾಂಪಸ್ ಅನ್ನುವ ಭಾಗ ಕಾಯಿಲೆ ಇದ್ದವರಲ್ಲಿ ಸರಾಸರಿ ಶೇ. 1ಕ್ಕಿಂತ ತುಸು ಜಾಸ್ತಿ ಚಿಕ್ಕದಿತ್ತು, ಅಷ್ಟೇ. ಇಷ್ಟು ಸಣ್ಣ ವ್ಯತ್ಯಾಸ ಒಬ್ಬರ ಸ್ಕ್ಯಾನ್‌ನಲ್ಲಿ ಗೊತ್ತಾಗುವುದಿಲ್ಲ. ಡಾಕ್ಟರ್ ಬೇರೆ ಕಾರಣಕ್ಕೆ ಬರೆದುಕೊಟ್ಟಿಲ್ಲವಾದರೆ ಅದಕ್ಕೆ ಸುಮ್ನೆ ದುಡ್ಡು ಸುರಿಯಬೇಡಿ. ಥೈರಾಯ್ಡ್, ಬಿ12 ಟೆಸ್ಟ್ ಆಗಿದೆಯಾ ಅಂತ ಕೇಳಿ, ಅದು ಉಪಯೋಗಕ್ಕೆ ಬರುತ್ತದೆ.

ಮೆದುಳಿನಲ್ಲಿರುವ ಒಂದು ರಾಸಾಯನಿಕ "ಸೆರೊಟೋನಿನ್ ಕಮ್ಮಿಯಾಗಿದೆ", ಅದರಿಂದಲೇ ಡಿಪ್ರೆಶನ್ ಅನ್ನುವ ಮಾತನ್ನೂ ನೀವು ಕೇಳಿರುತ್ತೀರಿ. ಇದಕ್ಕೆ ಗಟ್ಟಿ ಆಧಾರ ಇಲ್ಲ ಅಂತ 2022ರಲ್ಲಿ ಒಂದು ದೊಡ್ಡ ಪರಿಶೀಲನೆ ಹೇಳಿತು. ಕೂಡಲೇ ವಾಟ್ಸಾಪ್‌ನಲ್ಲಿ "ಮಾತ್ರೆಯೇ ಮೋಸ" ಅಂತ ಹರಿದಾಡಿತು. ಅದು ತಪ್ಪು ಲೆಕ್ಕ. ಹೇಗೆ ಕೆಲಸ ಮಾಡುತ್ತದೆ ಅನ್ನುವುದು ಬೇರೆ, ಕೆಲಸ ಮಾಡುತ್ತದೆಯೋ ಇಲ್ಲವೋ ಅನ್ನುವುದು ಬೇರೆ. 2018ರಲ್ಲಿ 522 ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದಾಗ, ಪರೀಕ್ಷಿಸಿದ 21 ಔಷಧಿಗಳೂ ಔಷಧಿಯೇ ಇಲ್ಲದ ಸಪ್ಪೆ ಮಾತ್ರೆಗಿಂತ ಮೇಲು ಅಂತ ಬಂತು. ಕೆಲವು ಜಾಸ್ತಿ, ಕೆಲವು ಕಮ್ಮಿ. ಮೊದಲ ಮಾತ್ರೆಯೇ ಎಲ್ಲರಿಗೂ ಹಿಡಿಸುವುದಿಲ್ಲ. ವರ್ಷವಾದರೂ ತಾಯಿ ಏಳುತ್ತಿಲ್ಲ ಅಂದರೆ ಡೋಸು, ಮಾತ್ರೆ ಎರಡನ್ನೂ ಮತ್ತೆ ನೋಡಿ ಅಂತ ಡಾಕ್ಟರಿಗೆ ನೇರವಾಗಿ ಕೇಳಿ. ನೀವಾಗಿಯೇ ನಿಲ್ಲಿಸಬೇಡಿ.

ಅಪ್ಪನಿಗೆ ಹೇಳಬೇಕಾದ ಸಂಶೋಧನೆ ಇನ್ನೊಂದಿದೆ. ಸುಲಭದ ಕೆಲಸಕ್ಕೆ ಕಮ್ಮಿ ದುಡ್ಡು, ಕಷ್ಟದ ಕೆಲಸಕ್ಕೆ ಜಾಸ್ತಿ ದುಡ್ಡು, ಯಾವುದು ಬೇಕೋ ಆರಿಸಿಕೊಳ್ಳಿ ಅಂತ ಅಮೆರಿಕದಲ್ಲಿ ಒಂದು ಆಟ ಆಡಿಸಿದರು. ಕೆಲಸ ಅಂದರೆ ಬೆರಳಲ್ಲಿ ಗುಂಡಿ ಒತ್ತುವುದು. ಡಿಪ್ರೆಶನ್ ಇದ್ದವರು ಕಷ್ಟದ್ದನ್ನು ಕಮ್ಮಿ ಆರಿಸಿದರು. ಹೆಚ್ಚು ದುಡ್ಡು ಸಿಗುವ ಸಾಧ್ಯತೆ ಜಾಸ್ತಿ ಇದೆ ಅಂತ ಹೇಳಿದಾಗಲೂ ಅದು ಅವರನ್ನು ಉಳಿದವರಷ್ಟು ಎಳೆಯಲಿಲ್ಲ. ಇಷ್ಟು ಶ್ರಮಪಟ್ಟರೆ ಇಷ್ಟು ಸಿಗುತ್ತದೆ ಅಂತ ತೂಗುವ ಲೆಕ್ಕವೇ ಒಳಗೆ ಏರುಪೇರಾಗಿರುತ್ತದೆ.

ಇದನ್ನು ನಾನು ಮನೆಯಲ್ಲಿ ಕಣ್ಣಾರೆ ನೋಡಿದೆ. ನಮ್ಮ ಯಜಮಾನರು ಬ್ರಷ್‌ಗೆ ಪೇಸ್ಟ್ ಹಾಕಿಕೊಂಡು ಬಚ್ಚಲ ಬಾಗಿಲಲ್ಲಿ ನಿಂತುಬಿಡುತ್ತಿದ್ದರು. ಒಳಗೆ ಹೋಗುವುದಿಲ್ಲ, ಹೊರಗೂ ಬರುವುದಿಲ್ಲ. ಪೇಸ್ಟ್ ಒಣಗಿ ಉದುರುತ್ತಿತ್ತು. "ಯಾಕ್ರೀ?" ಅಂದರೆ "ಗೊತ್ತಾಗ್ತಿಲ್ಲ ಕಣೆ" ಅನ್ನುತ್ತಿದ್ದರು. ಮೂವತ್ತು ವರ್ಷ ಬ್ಯಾಂಕಿನ ಲೆಕ್ಕ ನೋಡಿದವರು. ಇಂಥವರ ಹತ್ತಿರ "ಮನಸ್ಸು ಮಾಡು" ಅಂದರೆ ಏನು ಪ್ರಯೋಜನ? ಕೈ ಹಿಡಿದು ನಲ್ಲಿ ಹತ್ತಿರ ಕರೆದುಕೊಂಡು ಹೋದರೆ ಉಜ್ಜುತ್ತಿದ್ದರು.

ಗೋವಾದಲ್ಲಿ ಒಂದು ಅಧ್ಯಯನದಲ್ಲಿ ಮಾಡಿದ್ದೂ ಹೆಚ್ಚುಕಮ್ಮಿ ಇದನ್ನೇ, ಕ್ರಮವಾಗಿ. ಡಾಕ್ಟರಲ್ಲದ, ಊರಿನವರೇ ಆದ ಸಲಹೆಗಾರರಿಗೆ ತರಬೇತಿ ಕೊಟ್ಟು, ರೋಗಿಗಳ ಜೊತೆ ಆರೆಂಟು ಸಲ ಕೂತು, ಸಣ್ಣ ಸಣ್ಣ ಕೆಲಸ ಗೊತ್ತುಮಾಡಿ ಮಾಡಿಸಿದರು. 2017ರಲ್ಲಿ ಫಲಿತಾಂಶ ಬಂತು: ಮೂರು ತಿಂಗಳಲ್ಲಿ ಇವರಲ್ಲಿ ಶೇ. 64ರಷ್ಟು ಮಂದಿ ಚೇತರಿಸಿಕೊಂಡಿದ್ದರು. ಬರೀ ಮಾಮೂಲಿ ಆರೈಕೆ ಪಡೆದವರಲ್ಲಿ ಶೇ. 39. ಮೊದಲು ಉತ್ಸಾಹ ಬರಲಿ, ಆಮೇಲೆ ಕೆಲಸ ಅಂತ ಕಾಯಬಾರದು. ಕೆಲಸ ಮೊದಲು, ಉತ್ಸಾಹ ಹಿಂದಿನಿಂದ ಬರುತ್ತದೆ. ನಿಮ್ಮ ತಾಯಿಗೆ ಅಂಗಳದ ತುಳಸಿಗೆ ನೀರು ಹಾಕುವುದರಿಂದ ಶುರುವಾದರೂ ಸಾಕು.

ಇನ್ನು ಬೈಗುಳ. 1989ರಲ್ಲಿ ಇಂಗ್ಲೆಂಡಿನಲ್ಲಿ ಡಿಪ್ರೆಶನ್‌ನಿಂದ ಆಸ್ಪತ್ರೆ ಸೇರಿದ್ದ ಮದುವೆಯಾದವರನ್ನು ಒಂದು ಪ್ರಶ್ನೆ ಕೇಳಿದರು: ನಿಮ್ಮ ಗಂಡ ಅಥವಾ ಹೆಂಡತಿ ನಿಮ್ಮನ್ನು ಎಷ್ಟು ಟೀಕೆ ಮಾಡುತ್ತಾರೆ, ಹತ್ತರಲ್ಲಿ ಎಷ್ಟು? ಮುಂದೆ ಯಾರಿಗೆ ಕಾಯಿಲೆ ಮರುಕಳಿಸಿತು ಅನ್ನುವುದನ್ನು ಈ ಒಂದೇ ಉತ್ತರ ಚೆನ್ನಾಗಿ ಸೂಚಿಸಿತು. ಇದನ್ನು ತಂದೆಯ ಮುಖಕ್ಕೆ ಹಿಡಿಯಬೇಡಿ, ದಯವಿಟ್ಟು. ನಿದ್ದೆಗೆಟ್ಟವರ ಬಾಯಲ್ಲಿ ಬೈಗುಳವೇ ಬರುವುದು. ಬೈಗುಳ ಕಮ್ಮಿಯಾಗಬೇಕು ಅಂದರೆ ಅವರ ಭಾರ ಕಮ್ಮಿಯಾಗಬೇಕು.

ಆ ಭಾರ ಮೈಯಲ್ಲಿ ಕಾಣುತ್ತದೆ. 1995ರಲ್ಲಿ ಅಮೆರಿಕದ ಒಹಾಯೊದಲ್ಲಿ, ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವ ಹೆಂಗಸರ ತೋಳಿಗೆ ಬೇಕೆಂದೇ ಸಣ್ಣ ಗಾಯ ಮಾಡಿ ಗಮನಿಸಿದರು. ಬೇರೆಯವರಿಗಿಂತ ಇವರ ಗಾಯ ಮಾಯಲು ಸುಮಾರು ಒಂಬತ್ತು ದಿನ ಜಾಸ್ತಿ ಹಿಡಿಯಿತು. 1999ರ ಇನ್ನೊಂದು ಅಧ್ಯಯನ ಸಂಗಾತಿಯನ್ನು ನೋಡಿಕೊಳ್ಳುವ ಹಿರಿಯರದ್ದು. ನೋಡಿಕೊಳ್ಳುವುದು ಕಷ್ಟವಾಗುತ್ತಿದೆ ಅಂದವರಲ್ಲಿ ನಾಲ್ಕು ವರ್ಷದೊಳಗೆ ಸಾಯುವ ಅಪಾಯ, ಆ ಜವಾಬ್ದಾರಿ ಇಲ್ಲದವರಿಗಿಂತ ಶೇ. 63 ಹೆಚ್ಚಿತ್ತು. ಕಷ್ಟವಿಲ್ಲ ಅಂದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಅಂದರೆ ನೋಡಿಕೊಳ್ಳುವುದು ತೊಂದರೆಯಲ್ಲ, ಅದು ಹೊರಲಾರದ ಭಾರವಾಗುವುದು ತೊಂದರೆ.

ಪರಿಹಾರ ಏನು? ಲಂಡನ್ನಿನಲ್ಲಿ ಮರೆವಿನ ಕಾಯಿಲೆಯವರ ಮನೆಯವರಿಗೆ ಎಂಟು ಸಲ ಪಾಠದಂತೆ ಹೇಳಿಕೊಟ್ಟರು. ಯಾವ ವರ್ತನೆಗೆ ಏನು ಮಾಡಬೇಕು, ಸಹಾಯ ಹೇಗೆ ಕೇಳಬೇಕು, ತಮಗಾಗಿ ಸಮಯ ಹೇಗೆ ಇಟ್ಟುಕೊಳ್ಳಬೇಕು, ಇಷ್ಟೇ. ಎರಡು ವರ್ಷದ ಮೇಲೂ ಅವರಲ್ಲಿ ಡಿಪ್ರೆಶನ್ ಕಮ್ಮಿ ಇತ್ತು. ಕಾಯಿಲೆ ಬೇರೆಯಾದರೂ ಕೂತು ಹೇಳಿಕೊಡುವವರು ಬೇಕು ಅನ್ನುವುದು ಎಲ್ಲ ಮನೆಗೂ ಒಂದೇ. ನಮ್ಮಲ್ಲಿ ಏನಿದ್ದರೂ "ನೀವೇ ದೇವರು ಕಣ್ರೀ" ಅಂತ ಹೊಗಳಿ ಕಾಫಿ ಕುಡಿದು ಹೋಗುತ್ತಾರೆ. ಒಬ್ಬ ನೆಂಟರೂ ಒಂದು ಮಧ್ಯಾಹ್ನ ಕೂತು ನೋಡಿಕೊಳ್ಳುವುದಿಲ್ಲ.

ನೀವು ಪುಣೆಯಿಂದ ಮಾಡಬಹುದಾದದ್ದು ಇದೆ. ವಾರದಲ್ಲಿ ಒಂದೆರಡು ಮಧ್ಯಾಹ್ನ ಯಾರನ್ನಾದರೂ ಸಂಬಳಕ್ಕೆ ಇಟ್ಟು, ಆ ಹೊತ್ತು ಅಪ್ಪ ಮನೆಯಿಂದ ಹೊರಗೆ ಹೋಗುವಂತೆ ಮಾಡಿ. ರಜೆಗೆ ಬಂದಾಗ ಅವರನ್ನು ನೆಂಟರ ಮನೆಗೆ ಕಳಿಸಿ ನೀವೇ ಅಮ್ಮನ ಹತ್ತಿರ ಇರಿ. ಫೋನ್ ಮಾಡಿದಾಗ ಮೊದಲು "ನಿಮಗೆ ನಿದ್ದೆ ಬಂತಾ ಅಪ್ಪಾ" ಅಂತ ಕೇಳಿ, ಅಮ್ಮನ ಸುದ್ದಿ ಆಮೇಲೆ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, ನಂಬರ್ 14416, 2022ರಲ್ಲಿ ಶುರುವಾದದ್ದು. ದಿನದ ಇಪ್ಪತ್ನಾಲ್ಕು ಗಂಟೆ, ಕನ್ನಡದಲ್ಲೇ ಮಾತಾಡಬಹುದು. ನೋಡಿಕೊಳ್ಳುವವರೂ ಮಾಡಬಹುದು, ರೋಗಿಯೇ ಆಗಿರಬೇಕಿಲ್ಲ.

ತಾಯಿ ಸಾವಿನ ಮಾತಾಡಿದರೆ ತೇಲಿಸಬೇಡಿ, ನೇರವಾಗಿ ಕೇಳಿ. ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಮಾತ್ರೆ ಡಬ್ಬಿ ಅಪ್ಪನ ಬೀರುವಿನಲ್ಲಿರಲಿ, ಅದೇ ದಿನ ಡಾಕ್ಟರಿಗೆ ತಿಳಿಸಿ.

ಮುಂದಿನ ಸಲ ತಾಯಿಯನ್ನು ತೋರಿಸಲು ಹೋದಾಗ ಅಪ್ಪನ ಹೆಸರಲ್ಲೂ ಒಂದು ಚೀಟಿ ಮಾಡಿಸಿ. ಜೊತೆಗೆ ಬಂದವರಾಗಿ ಬಾಗಿಲ ಹತ್ತಿರ ನಿಲ್ಲುವುದು ಬೇಡ, ಕುರ್ಚಿಯಲ್ಲಿ ಕೂತು ತಮ್ಮ ನಿದ್ದೆ, ಬಿಪಿ, ಸಿಟ್ಟು ಎಲ್ಲ ಹೇಳಿಕೊಳ್ಳಲಿ. "ನನಗೇನಾಗಿದೆ?" ಅಂತ ಜಗಳ ಮಾಡುತ್ತಾರೆ. ಮಾಡಲಿ, ಚೀಟಿ ಮಾತ್ರ ಮಾಡಿಸಿ.