ಕೈ ಸೋತಾಗ ನಿಲ್ಲಿಸುತ್ತೇನೆ

2025ರ ಜನವರಿಯಲ್ಲಿ ಬೆಂಗಳೂರಿನ ಇಬ್ಬರು ಶಿಶುಗಳಲ್ಲಿ ಉಸಿರಾಟದ ಸೋಂಕು ತರುವ ಎಚ್‌ಎಂಪಿವಿ ವೈರಾಣು ಪತ್ತೆಯಾದ ಸುದ್ದಿ ಬಂದ ವಾರವೇ, ಆಪ್ತಸಮಾಲೋಚನೆ ಮಾಡುವ ನನಗೆ ಮತ್ತೆ ಕೋವಿಡ್ ಕಾಲದ ಬಗೆಯ ಕರೆಗಳು ಬರತೊಡಗಿದವು. ಹಾಲಿನ ಪ್ಯಾಕೆಟ್‌ಗೆ ಸೋಪು ಹಚ್ಚಬೇಕೇ, ತರಕಾರಿಯನ್ನು ಎಷ್ಟು ಹೊತ್ತು ಹೊರಗಿಡಬೇಕು ಎಂಬ ಪ್ರಶ್ನೆಗಳು. ಆಗ ನೆನಪಾದವರು 2020ರ ಸೆಪ್ಟೆಂಬರಿನಲ್ಲಿ, ಕೋವಿಡ್ ಹರಡುತ್ತಿದ್ದಾಗ, ನನ್ನ ಜೊತೆ ಫೋನಿನಲ್ಲಿ ಮಾತನಾಡುತ್ತಿದ್ದ ಒಬ್ಬ ಗೃಹಿಣಿ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.

ವಯಸ್ಸು ಐವತ್ತರ ಆಸುಪಾಸು. ಮನೆಯಲ್ಲಿ ಗಂಡ, ಮಗ, ಸೊಸೆ. ದಿನಸಿ ಬಂದ ದಿನ ಮೂರು ಗಂಟೆ ತೊಳೆಯುವುದರಲ್ಲೇ ಕಳೆಯುತ್ತಿತ್ತು. ಬೇಳೆಯ ಪ್ಯಾಕೆಟ್ಟು, ಎಣ್ಣೆಯ ಡಬ್ಬಿ, ಕೊನೆಗೆ ಕೊತ್ತಂಬರಿ ಸೊಪ್ಪಿಗೂ ಸೋಪಿನ ನೀರು. ಬೆರಳ ಸಂದಿಗಳು ಒಡೆದು ರಕ್ತ ಬರುತ್ತಿತ್ತು. ಕರೆ ಮಾಡಿಸಿದ್ದು ಸೊಸೆ.

ಮೊದಲ ಎರಡು ಮಾತುಕತೆಗಳಲ್ಲಿ ನಾನು ವೈರಾಣುವಿನ ವಿಷಯವನ್ನೇ ಹೇಳುತ್ತಾ ಹೋದೆ. ಅದು ನಾಟಲಿಲ್ಲ. ಆಕೆಗೆ ನನಗಿಂತ ಹೆಚ್ಚು ಗೊತ್ತಿತ್ತು: ವೈರಾಣು ಉಳಿಯುವುದು ಪ್ಲಾಸ್ಟಿಕ್ಕಿನ ಮೇಲೆ 72 ಗಂಟೆ, ರಟ್ಟಿನ ಮೇಲೆ 24 ಗಂಟೆ. ಆ ವರ್ಷದ ಮಾರ್ಚಿನಲ್ಲಿ ಪ್ರಕಟವಾದ ಪ್ರಯೋಗಾಲಯದ ಲೆಕ್ಕ ಮೊಬೈಲುಗಳಲ್ಲಿ ಹರಿದಾಡಿ ಎಲ್ಲರ ಬಾಯಿಪಾಠವಾಗಿತ್ತು. ಗಂಟೆಗಳು ಕಳೆದಂತೆ ವೈರಾಣುವಿನ ಪ್ರಮಾಣ ಎಷ್ಟು ಕುಸಿಯುತ್ತದೆ ಎಂಬುದು ಮಾತ್ರ ಯಾರ ಬಾಯಿಗೂ ಬರಲಿಲ್ಲ.

ಮೂರನೆಯ ಸಲ ಆಕೆಯೇ, "ನಮ್ಮ ಮನೆಯಲ್ಲಿ ಮೊದಲಿನಿಂದಲೂ ಮಡಿ ಹೆಚ್ಚು, ಅದಕ್ಕೇ ಹೀಗೆ" ಎಂದರು. ಮಡಿಯ ಹೆಸರಿನಲ್ಲಿ ಮನುಷ್ಯರನ್ನು ದೂರವಿಟ್ಟಿದ್ದನ್ನು ನಾನು ಎಂದೂ ಒಪ್ಪಿದವಳಲ್ಲ. ಆದರೂ ಆ ಮಾತನ್ನೇ ಹಿಡಿದುಕೊಂಡೆ. "ಅಮ್ಮಾ, ನಿಮ್ಮ ಅತ್ತೆಯವರು ಸ್ನಾನ ಮಾಡಿ ಮಡಿ ಉಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು, ಅಲ್ಲವೇ? ನೀವು ಸೊಪ್ಪು ತೊಳೆಯುವುದು ಯಾವಾಗ ಮುಗಿಯುತ್ತದೆ?"

ತುಂಬ ಹೊತ್ತು ಮಾತಿಲ್ಲ. ನಲ್ಲಿಯ ಸದ್ದು ಕೇಳುತ್ತಿತ್ತು.

"ಕೈ ಸೋತಾಗ ನಿಲ್ಲಿಸುತ್ತೇನೆ."

"ಸೊಪ್ಪು ಚೊಕ್ಕಟವಾಯಿತು ಎಂದು ನಿಲ್ಲಿಸುವುದಿಲ್ಲವೇ?"

"ಅದು ಹೇಗೆ ತಿಳಿಯುತ್ತದೆ ಮೇಡಂ?"

ಕಣ್ಣಿಗೆ ಕಾಣದ್ದನ್ನು ತೊಳೆಯುವವರಿಗೆ ಹೋಯಿತೆಂಬುದು ಕಾಣುವುದು ಹೇಗೆ? ಆ ಪ್ರಶ್ನೆ ನನ್ನನ್ನು ಇವತ್ತಿಗೂ ಕಾಡುತ್ತದೆ. ಎರಡು ಮಾತುಕತೆಗಳಲ್ಲಿ ನಾನು ಹೇಳಿದ ಯಾವುದೂ ಅದಕ್ಕೆ ಉತ್ತರವಾಗಿರಲಿಲ್ಲ.

ಆ ದಿನ ನಾವಿಬ್ಬರೂ ಸೇರಿ ಕೊನೆಯನ್ನು ಮೊದಲೇ ಗೊತ್ತುಮಾಡಿದೆವು. ಸೊಪ್ಪು ತರಕಾರಿಗೆ ಎರಡು ನೀರು, ಸೋಪು ಬೇಡ. ದಿನಸಿಯನ್ನು ಡಬ್ಬಿಗಳಿಗೆ ತುಂಬಿದ ಮೇಲೆ ಸೋಪಿನಿಂದ 20 ಸೆಕೆಂಡು ಕೈ ತೊಳೆಯುವುದು, ಒಂದೇ ಸಲ. ಬ್ಲೀಚಿಂಗ್ ಪೌಡರ್ ಅಡುಗೆಮನೆಯಿಂದ ಆಚೆಗೆ. ಅದನ್ನು ಶೌಚಾಲಯ ತೊಳೆಯುವ ಆಮ್ಲದ ಜೊತೆ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ, ಆ ಅಪಾಯ ಕಣ್ಣೆದುರಿಗೇ ಇತ್ತು. ಎರಡನೆಯ ನೀರು ಬಸಿದ ಮೇಲೆ ಎದೆ ಹೊಡೆದುಕೊಂಡರೂ ಮತ್ತೆ ನಲ್ಲಿ ತಿರುಗಿಸದೆ ಕಾಯುವುದು. ಏರಿದ ಭಯ ತಾನಾಗಿ ಇಳಿಯುವುದನ್ನು ಆಕೆಯೇ ಕಾಣಬೇಕಿತ್ತು. "ಇಷ್ಟು ಸಾಕೇ?" ಎಂದು ಆಕೆ ಕೇಳಿದಾಗಲೆಲ್ಲ "ಸಾಕು, ಏನೂ ಆಗುವುದಿಲ್ಲ" ಎನ್ನಬೇಡಿ ಎಂದು ಮನೆಯವರಿಗೆ ಹೇಳಿದೆ. ಆ ಸಮಾಧಾನ ಹತ್ತು ನಿಮಿಷ ಬಾಳುತ್ತದೆ, ಆಮೇಲೆ ಇನ್ನೊಂದು ಸಮಾಧಾನ ಬೇಕಾಗುತ್ತದೆ. ಗೀಳು ಕಾಯಿಲೆಯ (ಒಸಿಡಿ) ಲಕ್ಷಣ ಸ್ಪಷ್ಟವಾಗಿದ್ದುದರಿಂದ ಮನೋವೈದ್ಯರ ಬಳಿಗೂ ಕಳುಹಿಸಿದೆ.

ಅವರ ಯಜಮಾನರು ಸಿಟ್ಟಾದರು. ಜನ ಸಾಯುತ್ತಿರುವಾಗ ತೊಳೆಯಬೇಡಿ ಎನ್ನುತ್ತೀರಾ, ನಾಳೆ ಏನಾದರೂ ಆದರೆ ನೀವು ಹೊಣೆಯೇ ಎಂದರು. ಅದು ನ್ಯಾಯವಾದ ಸಿಟ್ಟು. ಆದರೆ ನನ್ನ ಸಲಹೆ ಊಹೆಯ ಮೇಲೆ ನಿಂತಿರಲಿಲ್ಲ. ಹಣ್ಣು ತರಕಾರಿಗೆ ಸೋಪು, ಸೋಂಕುನಾಶಕ ಬಳಸಬೇಡಿ ಎಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರವೇ ಹೇಳಿತ್ತು. ಆಹಾರದಿಂದ ಈ ರೋಗ ಹರಡುತ್ತದೆ ಎನ್ನಲು ಆಧಾರವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿತ್ತು. ಮುಂದೆ 2021ರ ಏಪ್ರಿಲ್‌ನಲ್ಲಿ, ಸೋಂಕಿರುವ ಮೇಲ್ಮೈಯನ್ನು ಒಮ್ಮೆ ಮುಟ್ಟಿದರೆ ರೋಗ ತಗಲುವ ಸಾಧ್ಯತೆ ಸಾಮಾನ್ಯವಾಗಿ 10,000ಕ್ಕೆ ಒಂದಕ್ಕಿಂತ ಕಡಿಮೆ ಎಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ತಿಳಿಸಿತು. ಆ ಅಂಕಿ ನನ್ನ ಕೈಯಲ್ಲಿ ಆಗ ಇರಲಿಲ್ಲ. ಇದ್ದಿದ್ದರೂ ಆಕೆಯ ಮುಂದೆ ಹಿಡಿಯುತ್ತಿರಲಿಲ್ಲ. ಆ ಒಂದು ನಾನೇ ಆಗಿಬಿಟ್ಟರೆ ಎಂದು ಆಕೆ ಖಂಡಿತ ಕೇಳುತ್ತಿದ್ದರು. ಭಯಕ್ಕೆ ಖಾತರಿ ಕೊಡಲು ಹೊರಟವರು ಸೋಲುತ್ತಾರೆ ಎಂಬುದು ನನ್ನ ಅನುಭವ, ಅದಕ್ಕೇ ಯಜಮಾನರಿಗೂ ಖಾತರಿ ಕೊಡಲಿಲ್ಲ. ದಿನಸಿ ತೊಳೆಯಲು ಮೂರು ಗಂಟೆ ಕಳೆಯುವ ಮನೆಯಲ್ಲಿ ಕಿಟಕಿ ಮುಚ್ಚಿದ ಹಜಾರಕ್ಕೆ ನೆಂಟರು ಮಾಸ್ಕಿಲ್ಲದೆ ಬಂದು ಕೂರುತ್ತಿದ್ದರು, ಅದನ್ನು ಮಾತ್ರ ಎತ್ತಿ ಹೇಳಿದೆ.

ಮೊದಲ ದಿನ ದಂಟಿನ ಸೊಪ್ಪನ್ನು ಎರಡೇ ನೀರಿನಲ್ಲಿ ತೊಳೆದು, ಮುಕ್ಕಾಲು ಗಂಟೆ ಕೈ ಕಟ್ಟಿ ಕುಳಿತಿದ್ದರಂತೆ. ಒಡೆದ ಬೆರಳು ಮಾಯಲು ತಿಂಗಳುಗಳೇ ಹಿಡಿದವು.

2025ರ ಆ ಜನವರಿಯಲ್ಲಿ ಆಕೆಯ ಕರೆಯೂ ಬಂದಿತ್ತು. "ಹೊಸ ವೈರಸ್ಸಂತೆ. ಎರಡು ನೀರು ಸಾಕಲ್ಲವೇ ಮೇಡಂ?" ನಾನು ಉತ್ತರ ಹೇಳಲಿಲ್ಲ. ಸ್ವಲ್ಪ ಹೊತ್ತು ಕಾದು, ಸೊಪ್ಪು ಸೋಸುವುದಿದೆ ಎಂದು ಆಕೆಯೇ ಫೋನ್ ಇಟ್ಟರು.